ಬಳಸಿ ನಡೆದ ಗೆರೆ

ಹಿಂಡಲಗಾ ಜೈಲು
೧೪ ಅಕ್ಟೋಬರ್ ೨೦೨೪

ಸಮೃದ್ಧಿ,

ನನ್ನ ಅಕ್ಷರ ನೋಡಿ ನಿನಗೆ ಗಾಬರಿಯಾಗಿರಬೇಕು. ಆಗಲಿ. ಒಂದು ವರ್ಷದಿಂದ ನೀನು ಭೇಟಿಗೆ ಬಂದಾಗಲೆಲ್ಲ ಬರುವುದಿಲ್ಲವೆಂದು ಒಳಗಿನಿಂದಲೇ ಹೇಳಿ ಕಳಿಸಿದ್ದೇನೆ. ಈಗಲೂ ಬರಬೇಡ. ನಿನ್ನ ಮುಖ ನೆನೆದರೆ ಕೋರ್ಟಿನ ಕಟಕಟೆಯಲ್ಲಿ ನಿಂತ ಮುಖವೇ ಕಣ್ಣಿಗೆ ಬರುತ್ತದೆ. ಕ್ಷೇಮ ಸಮಾಚಾರ ಬರೆಯುವುದಿಲ್ಲ, ಹೊಟ್ಟೆಗೆ ಸಿಗುತ್ತದೆ ಎಂದಷ್ಟೇ ತಿಳಿದುಕೋ. ಈ ಪತ್ರವನ್ನು ನಿನಗಿಂತ ಮೊದಲು ಇಲ್ಲಿನ ಮೇಡಂ ಓದುತ್ತಾರೆ. ಓದಲಿ, ಅವರಿಗೂ ಸ್ವಲ್ಪ ಹೊತ್ತು ಹೋಗಬೇಕಲ್ಲ.

ನಮ್ಮ ಹೊಲ ಪಾಲಿಗೆ ಮಾಡುವ ಫಕೀರವ್ವ ಕಳೆದ ವಾರ ಬಂದಿದ್ದಳು. ಕಬ್ಬು ಕಡಿಯುವ ದೊಡ್ಡ ಮಷೀನು ಈ ಸಲ ನಮ್ಮೂರು ಬೀಡಿಗೂ ಬರುತ್ತದಂತೆ. ಅದಕ್ಕೆ ಮೊದಲು ಹೊಲಹೊಲಕ್ಕೆ ನಕಾಶೆ ಆಗಬೇಕಂತೆ: ಬಾವಿ ಎಲ್ಲಿ, ಕಂಬ ಎಲ್ಲಿ, ಬದು ಎಲ್ಲಿ, ಮಷೀನು ಎಲ್ಲಿಂದ ಇಳಿಯಬೇಕು, ಎಲ್ಲಿ ತಿರುಗಬೇಕು. "ನಿನ್ ಮಗಳು ಕೋಲಿನ ತುದೀಗೆ ಒಂದು ತಟ್ಟಿ ಕಟಗೊಂಡು ಮಂದಿ ಹೊಲದಾಗ ಅಡ್ಡಾಡಾಕತ್ತಾಳ ಬೇ," ಎಂದಳು. ನೀನು ಬೆಳಗಾವಿಯಲ್ಲಿ ಯಾವುದೋ ಆಫೀಸಿನಲ್ಲಿ ಕುರ್ಚಿಯ ಮೇಲೆ ಕುಳಿತಿರುತ್ತೀ ಎಂದುಕೊಂಡಿದ್ದೆ. ಹೊಲದಲ್ಲೇ ಇದ್ದೀಯಲ್ಲ, ಚಲೋ ಆಯಿತು.

ಉಳವಪ್ಪನ ಹೊಲದ ನಕಾಶೆಯೂ ನಿನ್ನ ಪಾಲಿಗೆ ಬಂದಿದೆಯಂತೆ. ಅವನನ್ನು ಭಾವ ಎಂದು ಬರೆಯಲು ಪೆನ್ನು ಏಳುವುದಿಲ್ಲ, ನಿನಗೆ ಬೇಕಿದ್ದರೆ ನೀನು ದೊಡ್ಡಪ್ಪ ಎನ್ನು. ನಿನ್ನ ಅಪ್ಪನನ್ನು ನಮ್ಮ ಬದುವಿನ ಈಚೆ ನಮ್ಮ ಮಣ್ಣಿನಲ್ಲೇ ಕೂರಿಸಿ ಮುಚ್ಚಿದ್ದೆವು. ನಾಲ್ಕು ಕಲ್ಲು ಒಟ್ಟಿ ಲಿಂಗ ಇಟ್ಟಿದ್ದೆ. ವರ್ಷ ತುಂಬುವುದರೊಳಗೆ ಅವನು ಟ್ರ್ಯಾಕ್ಟರ್ ತರಿಸಿ ಬದುವನ್ನೂ ಕಲ್ಲನ್ನೂ ಒಟ್ಟಿಗೇ ಕೆಡವಿ, ನಮ್ಮ ಕಡೆಯ ಆ ನೆಲದ ಪಟ್ಟಿಯನ್ನು ತನ್ನ ಹೊಲಕ್ಕೆ ಸೇರಿಸಿಕೊಂಡ. ನಾನು ಗುದ್ದಲಿ ಎತ್ತಿದೆ. ಅವನ ಬಲಗೈ ಮುರಿಯಿತು. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ, ಮೇಡಂ ಓದಿದರೆ ಓದಲಿ.

ಆದರೆ ಅವನು ಕೋರ್ಟಿನಲ್ಲಿ ಹೇಳಿದ್ದು ನೆನಪಿದೆಯಲ್ಲ? "ಅಲ್ಲಿ ಸಮಾಧಿನೂ ಇರಲಿಲ್ಲ, ಬದುನೂ ಇರಲಿಲ್ಲರಿ ಸಾಹೇಬ್ರ. ಬರೇ ಕಲ್ಲಿನ ಗುಂಪಿ ಇತ್ತು." ಸಮಾಧಿ ಇತ್ತೆಂದರೆ ಬದು ಇತ್ತು, ಬದು ಇತ್ತೆಂದರೆ ಪಟ್ಟಿ ನಮ್ಮದು. ಅದಕ್ಕೇ ತನ್ನ ತಮ್ಮನನ್ನೇ ಇಲ್ಲವೆಂದುಬಿಟ್ಟ. ಮಣ್ಣಿಗೆ ಬಂದಿದ್ದ ಊರು ಕೋರ್ಟಿಗೆ ಬರಲಿಲ್ಲ. ನೀನು ಬಂದೆ. "ನಿಮ್ಮ ತಾಯಿ ಮೊದಲು ಹೊಡೆದದ್ದು ಹೌದೋ ಅಲ್ಲವೋ" ಎಂದು ವಕೀಲ ಕೇಳಿದ. ನೀನು ಹೌದು ಎಂದೆ. ಅವನ ಸುಳ್ಳು, ನಿನ್ನ ನಿಜ, ಎರಡೂ ಸೇರಿ ನನ್ನನ್ನು ಇಲ್ಲಿ ತಂದು ಕೂರಿಸಿದವು.

ಈಗ ಒಂದು ಕೆಲಸ ಮಾಡು. ನಿನ್ನ ನಕಾಶೆಯಲ್ಲಿ ಅವನ ಹೊಲದ ಬಾಯಲ್ಲೇ ಒಂದು ಹಾಳು ಬಾವಿ ಬರೆದುಬಿಡು. ಮಷೀನು ಅವನ ಕಬ್ಬಿಗೆ ಮುಟ್ಟಬಾರದು. ನಿಂತಲ್ಲೇ ಒಣಗಿ ಕಟ್ಟಿಗೆಯಾಗಬೇಕು. ಒಂದು ಸುಳ್ಳು ನನ್ನನ್ನು ಒಳಗೆ ಹಾಕಿದೆ, ಒಂದು ಸುಳ್ಳು ಅವನಿಗೂ ತಾಗಲಿ.

ಇಷ್ಟು ಮಾಡಿದರೆ ಮುಂದಿನದು ಮಾತಾಡೋಣ.

ಗೌರವ್ವ


ಬೆಳಗಾವಿ
೨೭ ಅಕ್ಟೋಬರ್ ೨೦೨೪

ಅವ್ವ,

ನಿನ್ನ ಪತ್ರವನ್ನು ಕೋಟೆ ಕೆರೆಯ ದಂಡೆಯ ಮೇಲೆ ಕುಳಿತು ಓದಿದೆ. ಕೋಣೆಯಲ್ಲಿ ಓದಲು ಧೈರ್ಯ ಸಾಲಲಿಲ್ಲ. ಬೈಗುಳವಾದರೂ ಬಂತಲ್ಲ ಎಂದು ಸಮಾಧಾನವಾಯಿತು.

ಬಾವಿ ಬರೆಯುವುದಿಲ್ಲ.

ಸಿಟ್ಟಾಗಬೇಡ ಎಂದು ಹೇಳುವುದಿಲ್ಲ, ಆಗುತ್ತೀ ಎಂದು ಗೊತ್ತಿದೆ. ಆದರೂ ಕೇಳು. ಮಷೀನು ಬಂದ ದಿನ ಅಲ್ಲಿ ಬಾವಿ ಇಲ್ಲದ್ದು ಕುರುಡನಿಗೂ ಕಾಣುತ್ತದೆ. ಆಮೇಲೆ ಊರು ಏನನ್ನುತ್ತದೆ? ಮಗಳು ಸುಳ್ಳಿ, ಹಾಗಾದರೆ ತಾಯಿ ಹೇಳಿದ ಸಮಾಧಿಯೂ ಸುಳ್ಳು ಎನ್ನುತ್ತದೆ. ಅವನಿಗೆ ನಾವೇ ಸಾಕ್ಷಿ ಒದಗಿಸಿದಂತಾಗುತ್ತದೆ. ನನಗೂ ಅವನ ಮೇಲೆ ಸಿಟ್ಟಿದೆ ಅವ್ವ. ಕಲ್ಲಿನ ಗುಂಪಿ ಎಂದಾಗ ಅವನ ಹಿಂದಿನ ಬೆಂಚಿನಲ್ಲೇ ಕುಳಿತಿದ್ದೆ. ಆ ಕತ್ತಿನ ಹಿಂಭಾಗ ನನಗೆ ಇವತ್ತಿಗೂ ಕಾಣುತ್ತದೆ.

ನಮ್ಮ ಕೆಲಸ ಹೇಗೆಂದು ನಿನಗೆ ತಿಳಿಯಲಿ. ಈ ಮಷೀನು ಎರಡು ಲಾರಿಯಷ್ಟು ಭಾರ. ಕಲ್ಲಿಗೆ ತಾಗಿದರೆ ಅದರ ಅಲಗು ಮುರಿಯುತ್ತದೆ, ಮೆತ್ತನೆಯ ಮಣ್ಣಿನಲ್ಲಿ ಗಾಲಿ ಹೂಳುತ್ತದೆ. ಅದಕ್ಕೆ ಮೊದಲೇ ಹೊಲವನ್ನು ಅಳೆದು, ಬದು ಎಲ್ಲಿ, ಅಡ್ಡಿ ಏನೇನಿದೆ, ತಿರುಗಲು ಜಾಗವಿದೆಯೇ ಎಂದು ಗುರುತು ಮಾಡುತ್ತೇವೆ. ನೀನು ಕೇಳಿದ ಆ ತಟ್ಟೆ ಜಿಪಿಎಸ್. ಅದನ್ನು ಹಿಡಿದು ಹೇಗೆ ನಡೆಯುತ್ತೇವೋ ಹಾಗೆಯೇ ಪರದೆಯ ಮೇಲೆ ಗೆರೆ ಬೀಳುತ್ತದೆ.

ದೊಡ್ಡಪ್ಪನ ಕಬ್ಬಿರುವುದು ಹೊಲದ ಹಿಂಭಾಗದಲ್ಲಿ. ಅವನ ಸ್ವಂತ ದಾರಿ ಹಳ್ಳದ ಬದಿಯದು, ಬಂಡಿಗೆ ಸಾಕು, ಮಷೀನಿಗೆ ಸಾಲದು. ಮಷೀನು ಇಳಿಯಬೇಕಾದರೂ ತಿರುಗಬೇಕಾದರೂ ಇರುವುದು ಆ ಪಟ್ಟಿಯೊಂದೇ, ನಮ್ಮದು. ಕಡಿಯುವ ಗ್ಯಾಂಗಿನವರು ಈ ವರ್ಷ ಆ ಕಡೆಗೆ ಬರುವುದಿಲ್ಲವೆಂದು ಹೇಳಿಬಿಟ್ಟಿದ್ದಾರೆ. ಅವನಿಗೆ ಮಷೀನು ಬಿಟ್ಟರೆ ಗತಿಯಿಲ್ಲ.

ನಮ್ಮ ಆಫೀಸಿನ ಸುಯೋಗ ಸರ್‌ಗೆ ಎಲ್ಲವನ್ನೂ ಹೇಳಿದೆ. ಅವನು ನನ್ನ ದೊಡ್ಡಪ್ಪ, ನಮ್ಮ ನಡುವೆ ಕೇಸು ಆಗಿದೆ, ಬೇರೆಯವರನ್ನು ಕಳಿಸಿ ಎಂದೆ. ಅವರು ಒಪ್ಪುವಷ್ಟರಲ್ಲಿ ದೊಡ್ಡಪ್ಪನೇ ಫೋನು ಮಾಡಿದನಂತೆ. "ಯಾರರೆ ಬರ್ರಿ, ಆದರ ನನ್ನ ಹೊಲದಾಗ ಮಂದಿ ಕೈಲಿಂದ ಗೆರಿ ಎಳಸಂಗಿಲ್ಲ. ಆ ಕೋಲು ನಾನ ಹಿಡೀತೀನಿ, ನಾನ ನಡೀತೀನಿ," ಎಂದನಂತೆ. ಸರ್ ನಕ್ಕು, ಹಾಗಿದ್ದರೆ ನೀನೇ ಹೋಗು, ಪರದೆ ನೋಡಿಕೊಂಡು ನಿಂತರಾಯಿತು ಎಂದರು.

ನಾನು ಹೋಗುತ್ತೇನೆ.

ಶರಣು,
ಸಮೃದ್ಧಿ


ಹಿಂಡಲಗಾ
೫ ನವೆಂಬರ್ ೨೦೨೪

ಸಮೃದ್ಧಿ,

ಮತ್ತೆ ನಿಜ ಹೇಳಲು ಹೊರಟೆಯಾ? ಹೋಗು. ಅವನು ಕೋಲು ಹಿಡಿದು ನಮ್ಮ ಪಟ್ಟಿಯ ಸುತ್ತ ಜಮೀನ್ದಾರನ ಹಾಗೆ ನಡೆಯಲಿ, ನೀನು ಪರದೆ ನೋಡಿಕೊಂಡು ನಿಲ್ಲು. ಅವನು ಹೇಳಿದ್ದೇ ಬದು, ಅವನು ತೋರಿಸಿದ್ದೇ ಹೊಲ. ಕೋರ್ಟಿನಲ್ಲಿ ಹೇಳಿದ ಸುಳ್ಳಿಗೆ ಈಗ ಆಕಾಶದ ಸಾಕ್ಷಿಯೂ ಸಿಗುತ್ತದೆ ಅವನಿಗೆ.

ನನ್ನ ಬಾಜು ಮಲಗುವ ರೇಣವ್ವನಿಗೆ ನಿನ್ನ ಪತ್ರ ಓದಿ ಹೇಳಿದೆ. "ನಿನ್ ಮಗಳು ಬಾಳ ಶಾಣ್ಯಾ ಅದಾಳ," ಎಂದಳು. ಶಾಣ್ಯಾ ಮಕ್ಕಳಿಂದ ತಾಯಂದಿರಿಗೆ ಏನು ಸಿಗುತ್ತದೆಂದು ಕೇಳಿದೆ. ಅವಳಿಗೂ ಗೊತ್ತಿಲ್ಲ.

ನನಗೆ ಬೇಕಿದ್ದುದು ಪಟ್ಟಿಯಲ್ಲ ಎಂಬುದು ನಿನಗೆ ಯಾವತ್ತೂ ತಿಳಿಯಲಿಲ್ಲ. ಪಟ್ಟಿ ಹಾಳಾಗಿ ಹೋಗಲಿ. ಆ ಮನುಷ್ಯ ತನ್ನ ಬಾಯಿಂದ, ಅಲ್ಲಿ ನನ್ನ ತಮ್ಮ ಇದ್ದಾನೆ ಎನ್ನಬೇಕು. ಅಷ್ಟೇ. ಇಲ್ಲದಿದ್ದರೆ ನಿನ್ನ ಅಪ್ಪ ಎಲ್ಲಿಯೂ ಇಲ್ಲದವನಾಗಿ ಹೋಗುತ್ತಾನೆ. ಅದು ನಿನ್ನ ಕೈಲಿ ಆಗದ ಮಾತು. ಬಾವಿ ಬರೆಯುವುದಾದರೂ ಆಗುತ್ತಿತ್ತು.

ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ಗೌರವ್ವ


ಬೆಳಗಾವಿ
೨೪ ನವೆಂಬರ್ ೨೦೨೪

ಅವ್ವ,

ಬರೆಯಬೇಡ ಎಂದಿದ್ದೀ. ಬರೆಯುತ್ತಿದ್ದೇನೆ. ಬೇಡವಾದರೆ ಹರಿದು ಹಾಕು, ಆದರೆ ಪೂರ್ತಿ ಓದಿ ಹರಿ.

ಮೊನ್ನೆ ಬೀಡಿಗೆ ಹೋಗಿದ್ದೆವು. ನಾನು, ಸುಯೋಗ ಸರ್, ಮಷೀನು ನಡೆಸುವ ಅಮರ. ಅಮರ ನಿಪ್ಪಾಣಿ ಕಡೆಯವನು, ನಮ್ಮ ಕಥೆ ಒಂದೂ ಗೊತ್ತಿಲ್ಲ. ಆ ದಿನ ಸುತ್ತಲಿನ ಐದಾರು ಹೊಲಗಳ ನಕಾಶೆ ಇದ್ದುದರಿಂದ ಊರಿನವರು ಬಹಳ ಜನ ಬಂದು ನಿಂತಿದ್ದರು. ಅಪ್ಪನ ಮಣ್ಣಿಗೆ ಬಂದಿದ್ದವರೇ ಎಲ್ಲ.

ಪಟ್ಟಿಯಲ್ಲಿ ಸೋಯಾ ಕೊಯ್ದಿತ್ತು, ಬಯಲು ಬಿದ್ದಿತ್ತು. ಕಲ್ಲಿಲ್ಲ, ಗಿಡವಿಲ್ಲ, ಒಂದು ಹುಲ್ಲಿನ ಪೊದೆಯೂ ಇಲ್ಲ. ಅಪ್ಪ ಎಲ್ಲಿ ಎಂದು ಕೇಳಿದ್ದರೆ ನನಗೇ ಖಚಿತವಾಗಿ ತೋರಿಸಲು ಆಗುತ್ತಿರಲಿಲ್ಲ. ಆ ಮಾತು ಅಲ್ಲಿ ನಿಂತಾಗಲೇ ಅರಿವಾಯಿತು.

ದೊಡ್ಡಪ್ಪ ಬಿಳಿ ಟೋಪಿ ಹಾಕಿಕೊಂಡು ಬಂದಿದ್ದ. ಬಲಗೈ ಈಗಲೂ ಸೊಟ್ಟಗಿದೆ, ಕೋಲನ್ನು ಎಡಗೈಯಲ್ಲಿ ಹಿಡಿದ. ನನ್ನ ಕಡೆ ನೋಡಲಿಲ್ಲ. ಸರ್ ಅವನಿಗೆ ಹೇಳಿದರು, ಮಷೀನಿನ ಗಾಲಿ ಎಲ್ಲೆಲ್ಲಿ ಹೋಗಬೇಕೋ ಅಲ್ಲೆಲ್ಲ ಕುಂಟೆ ಹೊಡೆದ ಹಾಗೆ ಆಚೆ ಈಚೆ ನಡೆದು ಬನ್ನಿ ಎಂದು. ಅವನು ಚಪ್ಪಲಿ ಮೆಟ್ಟಿಕೊಂಡೇ ನಡೆಯತೊಡಗಿದ. ಊರಿನ ದಾರಿಯಿಂದ ಕಬ್ಬಿನವರೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ಗೆರೆಗಳು ಪರದೆಯ ಮೇಲೆ ಸಾಲು ಹಿಡಿದಂತೆ ನೆಟ್ಟಗೆ ಬೀಳುತ್ತಿದ್ದವು.

ಪಟ್ಟಿಯ ನಡುವಿಗೆ ಬಂದಾಗ ಗೆರೆ ಸೊಟ್ಟಾಯಿತು.

ಮೊದಲ ಸಲ ಕಾಲು ಎಡವಿರಬೇಕು ಎಂದುಕೊಂಡೆ. ತಿರುಗಿ ಬರುವಾಗ ಆಚೆಯಿಂದ ಬಳಸಿದ. ಮುಂದಿನ ಸಾಲಿನಲ್ಲಿ ಮತ್ತೆ ಬಳಸಿದ. ಅವನಿಗೆ ಅದು ಗೊತ್ತೇ ಇರಲಿಲ್ಲ ಅವ್ವ. ಮನೆಯ ಹೊಸ್ತಿಲನ್ನು ನಾವು ನೋಡದೆ ದಾಟುತ್ತೇವಲ್ಲ, ಹಾಗೆ ಕಾಲು ತಾನಾಗಿಯೇ ದೂರ ಸರಿಯುತ್ತಿತ್ತು. ಟ್ರ್ಯಾಕ್ಟರ್ ಹೊಡೆದವನು ಬಾಡಿಗೆಯ ಡ್ರೈವರ್. ಸೋಯಾ ಬಿತ್ತಿದವರು ಕೂಲಿಯವರು. ಇವನ ಸ್ವಂತ ಪಾದ ಆ ಜಾಗದ ಮೇಲೆ ಒಂದು ದಿನವೂ ಬಿದ್ದಿಲ್ಲ.

ಅಮರ ನನ್ನ ಪಕ್ಕದಲ್ಲಿ ಪರದೆ ನೋಡುತ್ತಿದ್ದ. ಅವನೇ ಕೂಗಿದ, "ಕಾಕಾ, ಅಲ್ಲಿ ಯಾಕ ಸುತ್ತು ಹಾಕಾಕತ್ತೀರಿ? ನೆಟ್ಟಗ ಬರ್ರಿ."

ದೊಡ್ಡಪ್ಪ ನಿಂತ. ಕೆಳಗೆ ನೋಡಿದ. ಆಗ ಅವನಿಗೆ ತಿಳಿಯಿತು. ಊರಿನವರಿಗೂ ತಿಳಿಯಿತು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಪರದೆ ಹಿಡಿದುಕೊಂಡು ಅವನ ಹತ್ತಿರ ಹೋದೆ.

"ದೊಡ್ಡಪ್ಪ, ಇಲ್ಲೇನೈತ್ರಿ?"

"ಏನಿಲ್ಲ."

"ಏನಿಲ್ಲಂದ್ರ ಈ ಗೆರಿ ಅಳಿಸ್ತೀನಿ. ನೆಟ್ಟಗ ಇದರ ಮ್ಯಾಲ ಹಾದು ಹೋಗ್ರಿ."

ಅವನು ಹೋಗಲು ನೋಡಿದ. ಒಂದು ಕಾಲು ಎತ್ತಿದ. ಎತ್ತಿದ ಕಾಲು ಪಕ್ಕಕ್ಕೇ ಇಳಿಯಿತು. ಅಮರ ಈಗ ಹೆದರಿ, "ಅಕ್ಕಾ, ತಗ್ಗು ಇದ್ರ ಹೇಳಾಕ ಹೇಳ್ರಿ, ನನ್ನ ಗಾಲಿ ಹುಗೀತೈತಿ," ಎಂದ. ಸರ್ ಕೂಡ, ಅಡ್ಡಿ ಮುಚ್ಚಿಟ್ಟು ಮಷೀನು ಕೆಟ್ಟರೆ ಹೊಲದವರೇ ಹೊಣೆ ಎಂದು ನಮ್ಮ ನಿಯಮ ಹೇಳಿದರು.

ದೊಡ್ಡಪ್ಪ ಚಪ್ಪಲಿ ಬಿಟ್ಟ. ಬಿಟ್ಟು ದೂರ ತಳ್ಳಿದ. "ಅಲ್ಲಿ ಅವ ಅದಾನ," ಎಂದ.

"ಯಾರು?"

"ಗೊತ್ತಿಲ್ಲೇನವಾ ನಿನಗ?"

"ನನಗ ಗೊತ್ತೈತಿ. ನಕಾಶಿಗೆ ಗೊತ್ತಿಲ್ಲ. ಏನಂತ ಬರೀಲಿ?"

"ಸಮಾಧಿ ಅಂತ ಬರಿ."

"ಯಾರದು?"

"ನನ್ನ ತಮ್ಮಂದು."

"ಹೆಸರು?"

ಅವನು ನನ್ನನ್ನು ಆಗ ನೋಡಿದ. ಅವತ್ತು ಮೊದಲ ಸಲ. "ಶಶಿಧರ," ಎಂದ. ಕೋಲಿನ ಬುಡವನ್ನು ಅಲ್ಲೇ ಊರಿ ಅದರ ಮೇಲಿನ ಬಟನ್ ಒತ್ತಲು ಹೇಳಿದೆ. ಒತ್ತಿದ. ಬದು ಇದ್ದುದು ಎಲ್ಲಿ ಎಂದು ಕೇಳಿದೆ. ಅವನು ಬಾಯಿ ತೆರೆಯುವ ಮೊದಲೇ ಊರಿನವರು ನಾ ಮುಂದೆ ನೀ ಮುಂದೆ ಎಂದು ತೋರಿಸತೊಡಗಿದರು. ಕೋರ್ಟಿಗೆ ಬಾರದ ಬಾಯಿಗಳು ಹೊಲದಲ್ಲಿ ಬಹಳ ಚೆನ್ನಾಗಿ ಮಾತಾಡುತ್ತವೆ. ಅವರ ಮೇಲೂ ನನಗೆ ಸಿಟ್ಟು ಬಂತು. ಆದರೂ ಬದುವನ್ನು ಇದ್ದಲ್ಲೇ ಬರೆದೆ. ದೊಡ್ಡಪ್ಪ ಅದಕ್ಕೆ ಎಡಗೈಯಲ್ಲಿ ಸಹಿ ಹಾಕಿದ್ದಾನೆ.

ಹೆಸರು ನನಗೆ ಗೊತ್ತಿಲ್ಲದ್ದಲ್ಲ ಅವ್ವ. ಅವನಿಗೆ ನೋಯಲಿ ಎಂದೇ ಕೇಳಿದೆ. ಅವನಿಗೆ ನೋವಾಯಿತು, ನನಗೆ ಖುಷಿಯಾಯಿತು. ನೀನು ಗುದ್ದಲಿ ಎತ್ತಿದಾಗ ನಿನಗೆ ಹೇಗಾಗಿರಬಹುದೆಂದು ಅವತ್ತು ಸ್ವಲ್ಪ ತಿಳಿಯಿತು.

ಶರಣು,
ಸಮೃದ್ಧಿ


ಬೀಡಿ, ತಾ. ಖಾನಾಪುರ
೧೨ ಡಿಸೆಂಬರ್ ೨೦೨೪

ಮಗಳು ಸಮೃದ್ಧಿಗೆ ದೊಡ್ಡಪ್ಪ ಉಳವಪ್ಪನು ಬರೆಸುವುದು,

ನೀನು ಫೋನು ಎತ್ತುವುದಿಲ್ಲ. ಅದಕ್ಕೆ ಸಾಲಿಯ ಮಾಸ್ತರರಿಂದ ಇದನ್ನು ಬರೆಸುತ್ತಿದ್ದೇನೆ. ಮಷೀನು ಊರಿಗೆ ಬಂದು ಎಲ್ಲರ ಕಬ್ಬು ಕಡಿಯಿತು. ನಮ್ಮ ಹೊಲದ ಬಾಯಿಗೆ ಬಂದು ನಿಂತಿತು. ಅಮರ ಎಂಬುವವನು ಒಳಗೆ ಇಳಿಸಲಿಲ್ಲ. "ನಕಾಶ್ಯಾಗ ಸಮಾಧಿ ಐತಿ, ಬದು ಐತಿ, ಈಚಿ ಪಟ್ಟಿ ನಿಮ್ಮದಲ್ಲ, ಬಾಜು ಹೊಲದವರ ಒಪ್ಪಿಗಿ ತರ್ರಿ," ಎಂದು ಹೇಳಿ ಹೊರಟುಹೋದ. ಎಲ್ಲರೂ ನೋಡುತ್ತಿದ್ದರು.

ಬದು ಹಾಕಿಸಿಕೊಟ್ಟಿದ್ದೇನೆ. ಹೋಗಿ ನೋಡಿಕೋ. ಸಮಾಧಿಗೂ ಕಲ್ಲು ತರಿಸಿ ಇಡಿಸಿದ್ದೇನೆ. ಊರಾಗ ಈಗ ನನ್ನ ಜೊತೆ ಕಟ್ಟೆಗೆ ಕುಂದರುವವರು ಇಲ್ಲ. ಇನ್ನೇನು ಬೇಕು? ಕಬ್ಬಿಗೆ ಹೂವಿನ ಗರಿ ಬಂದಿದೆ, ಒಳಗೆ ಬೆಂಡಾಗುತ್ತಿದೆ. ನಿಮ್ಮ ಹೊಲದಿಂದ ಮಷೀನು ಇಳಿಯಲು ಒಂದು ಮಾತು ಹೇಳು. ನಾನು ನಿನ್ನನ್ನು ಎತ್ತಿ ಆಡಿಸಿದವನು.

ಇಂತಿ, ಉಳವಪ್ಪ


ಬೆಳಗಾವಿ
೧೯ ಡಿಸೆಂಬರ್ ೨೦೨೪

ಅವ್ವ,

ನನ್ನ ಹಿಂದಿನ ಪತ್ರಕ್ಕೆ ನೀನು ಏನೂ ಬರೆಯಲಿಲ್ಲ. ಹರಿದೆಯೋ ಇಟ್ಟುಕೊಂಡೆಯೋ ತಿಳಿಯದು.

ದೊಡ್ಡಪ್ಪನ ಪತ್ರ ಬಂದಿತ್ತು. ಓದು ಎಂದು ಇದರ ಜೊತೆ ಇಟ್ಟಿದ್ದೇನೆ. ಬೀಡಿಗೆ ಹೋಗಿ ನೋಡಿ ಬಂದೆ. ಬದು ಹಾಕಿಸಿದ್ದು ನಿಜ, ಕಲ್ಲು ಇಡಿಸಿದ್ದೂ ನಿಜ. ಹೂ ಇಟ್ಟು ಬಂದೆ.

ಅವನಿಗೆ ನಾನು ಒಂದೇ ಸಾಲು ಉತ್ತರ ಕೊಟ್ಟೆ: ಪಹಣಿ ಉತಾರದಲ್ಲಿ ಹೊಲ ನನ್ನ ಅವ್ವನ ಹೆಸರಿನಲ್ಲಿದೆ, ಕೇಳುವುದಾದರೆ ಹಿಂಡಲಗಾಕ್ಕೆ ಹೋಗಿ ಅವಳನ್ನೇ ಕೇಳಿ. ಅವನು ಅಲ್ಲಿಗೆ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ನನ್ನನ್ನು ಕಳಿಸಿದ ಹಾಗೆ ಅವನನ್ನು ವಾಪಸ್ ಕಳಿಸಬೇಡ. ಬಂದರೆ ಒಂದು ಸಲ ಎದುರಿಗೆ ಕುಳಿತು ಮಾತಾಡು. ನೀನು ಹೌದೆಂದರೆ ಮಷೀನು ಹೋಗುತ್ತದೆ, ಇಲ್ಲವೆಂದರೆ ಇಲ್ಲ. ನಾನು ನಡುವೆ ಬರುವುದಿಲ್ಲ.

ಶರಣು,
ಸಮೃದ್ಧಿ


ಹಿಂಡಲಗಾ
೬ ಜನವರಿ ೨೦೨೫

ಸಮೃದ್ಧಿ,

ಹರಿಯಲಿಲ್ಲ. ನವೆಂಬರಿನ ಪತ್ರವನ್ನು ರೇಣವ್ವ ಎಷ್ಟು ಸಲ ಓದಿಸಿಕೊಂಡಿದ್ದಾಳೆಂದರೆ, "ಚಪ್ಪಲಿ ಬಿಟ್ಟ" ಎಂಬಲ್ಲಿಗೆ ಬಂದಾಗ ಅವಳೇ ಮುಂದಿನದು ಹೇಳುತ್ತಾಳೆ. ಮೇಡಂ ಕೂಡ ಲಕೋಟೆ ಕೊಡುವಾಗ ನನ್ನ ಮುಖ ನೋಡಿ, "ನಿಮ್ಮ ಮಗಳು ಜೋರದಾಳ್ರಿ ಗೌರವ್ವ," ಎಂದರು. ನಾನು ಉತ್ತರ ಬರೆಯಲಿಲ್ಲ. ಏನೆಂದು ಬರೆಯಲಿ? ಬಾವಿ ಬರೆಯದ್ದಕ್ಕೆ ಬೈದಿದ್ದೆ. ಬೈದದ್ದನ್ನು ವಾಪಸ್ ತೆಗೆದುಕೊಳ್ಳುವ ರೂಢಿ ನನಗಿಲ್ಲ, ಅದು ನಿನಗೂ ಗೊತ್ತು. ಬರುವ ಶನಿವಾರ ಭೇಟಿಗೆ ಬಾ. ಬರುತ್ತೇನೆ ಒಳಗಿನಿಂದ.

ಅವನು ನಿನ್ನೆ ಬಂದಿದ್ದ.

ಹೆಸರು ಕೂಗಿದಾಗ ಹೋಗಬಾರದೆಂದೇ ಕುಳಿತಿದ್ದೆ. ನಿನ್ನ ಮಾತಿಗೆ ಎದ್ದು ಹೋದೆ. ಜಾಳಿಗೆಯ ಆಚೆ ಕುಳಿತಿದ್ದ. ಬಹಳ ಇಳಿದಿದ್ದಾನೆ. ಸೊಟ್ಟ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಇನ್ನೊಂದರಲ್ಲಿ ಒಪ್ಪಿಗೆಯ ಕಾಗದ ಹಿಡಿದಿದ್ದ. ಆ ಕೈ ನೋಡಿದರೆ ಅಯ್ಯೋ ಅನಿಸಬಹುದೆಂದು ಹೆದರಿದ್ದೆ. ಅನಿಸಲಿಲ್ಲ.

"ಅರಾಮ್ ಅದೀಯೇನವಾ ಗೌರವ್ವ?" ಎಂದ.

"ನೀವ ಕಳಿಸಿದ ಜಾಗ ರೀ ಭಾವಾರ, ಅರಾಮ್ ಇರಲಿಲ್ಲಂದ್ರ ಹೆಂಗ?" ಎಂದೆ.

ಕಬ್ಬಿನ ಮಾತು ಎತ್ತಿದ. ಗರಿ ಬಂದದ್ದು, ಬೆಂಡಾದದ್ದು, ಗ್ಯಾಂಗಿನವರ ಕಾಲು ಹಿಡಿದದ್ದು, ಅವರು ಬಾರದ್ದು. ಎಲ್ಲವನ್ನೂ ಕೇಳಿದೆ. ಹೇಳುವುದಾದರೆ ಸುಖವಾಗಿ ಕೇಳಿದೆ. ಅವನು ಮುಗಿಸಿದ ಮೇಲೆ ಒಂದೇ ಮಾತು ಕೇಳಿದೆ.

"ನಿಮ್ಮ ತಮ್ಮ ಎಲ್ಲಿ ಅದಾರ್ರಿ?"

"ಎಲ್ಲಾರ ಮುಂದ ಹೇಳೀನಲ್ಲವಾ. ನಿನ್ನ ಮಗಳು ಬರಕೊಂಡಾಳ."

"ನನ್ನ ಮುಂದ ಹೇಳಿಲ್ಲ."

ಅವನು ಸುತ್ತ ನೋಡಿದ. ಆಚೆ ಈಚೆ ಬೇರೆಯವರ ಭೇಟಿ ನಡೆದಿತ್ತು, ಮಕ್ಕಳು ಅಳುತ್ತಿದ್ದವು. ತಲೆ ಕೆಳಗೆ ಹಾಕಿ ಹೇಳಿದ. "ನಿಮ್ಮ ಬದುವಿನ ಬಾಜು ಅದಾನ. ಆ ತಗ್ಗು ನಾನ ನಿಂತು ತೋಡಿಸೀನಿ. ಅವನ್ನ ಒಳಗ ಇಳಿಸುವಾಗ ತೋಳು ಹಿಡದಾಂವ ನಾನ. ಮೊದಲ ಮಣ್ಣು ಹಾಕಿದಾಂವನೂ ನಾನ. ಇಲ್ಲಂತ ಹೆಂಗ ಅಂದೆನೋ ನನಗ ಗೊತ್ತಿಲ್ಲ."

ಅದು ಹೌದು ಸಮೃದ್ಧಿ. ತೋಳು ಹಿಡಿದವನು ಅವನೇ. ನಾನು ಅದನ್ನು ಮರೆತಿದ್ದೆ.

ಈ ಮಾತಿಗಾಗಿ ಇಷ್ಟು ದಿನ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಅವನು ಹೇಳಿದ ದಿನ ನಗಬೇಕು, ಅವನ ಮುಖದ ಮೇಲೆ ನಗಬೇಕು ಎಂದುಕೊಂಡಿದ್ದೆ. ನಗು ಬರಲಿಲ್ಲ. ನಿನ್ನ ಅಪ್ಪ ಸತ್ತಿದ್ದಾನೆ ಎಂಬುದು ನನಗೆ ಆ ಕ್ಷಣ ತಿಳಿಯಿತು. ಇಷ್ಟು ದಿನ ಅವನನ್ನು ಇಲ್ಲವೆಂದವರ ಜೊತೆ ಜಗಳದಲ್ಲೇ ಇದ್ದೆನಲ್ಲ, ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ. ಜಾಳಿಗೆ ಹಿಡಿದುಕೊಂಡು ಅತ್ತೆ. ಮಣ್ಣಿನ ದಿನವೂ ಹಾಗೆ ಅತ್ತಿರಲಿಲ್ಲ. ಕಾವಲಿನವಳು ಬಂದು ನೀರು ಕೊಟ್ಟಳು.

ಅವನೂ ಕಣ್ಣು ಒರೆಸಿಕೊಂಡ. ಆಮೇಲೆ, ಇವಳು ಕರಗಿದಳು ಎಂದು ಅವನಿಗೆ ಅನಿಸಿರಬೇಕು. ಕಾಗದ ಬಿಚ್ಚಿ ಜಾಳಿಗೆಗೆ ಹತ್ತಿರ ಹಿಡಿದ. "ಇಲ್ಲೊಂದು ಸಹಿ ಮಾಡವಾ ಗೌರವ್ವ. ಆದದ್ದು ಆಗಿ ಹೋತು. ನೀನೂ ಅತ್ತಿ, ನಾನೂ ಅತ್ತೆ," ಎಂದ.

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತೆ.

"ನಾ ಅತ್ತದ್ದು ನನ್ನ ಗಂಡಗ ರೀ ಭಾವಾರ," ಎಂದೆ, "ನಿಮ್ಮ ಕಬ್ಬಿಗಲ್ಲ."

ನಿನ್ನ ಅವ್ವ,
ಗೌರವ್ವ